ಹಲಗೆಯ ಮೇಲಿನ ಎರಡು ಸಾಲು

ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ಅನ್ನೋದು ಗಾದೆ. ಕೊಡಲಿಗೂ ಹೋಗದ್ದನ್ನು ಉಗುರಲ್ಲಿ ಕೀಳಹೊರಟವನು ನಮ್ಮ ನಿಬಾಲ್ದೊ. ಕತೆ ನಿಜ, ಸಾಕ್ಷಿಗೆ ವಾಲ್ಪರೈಸೊ ಬಂದರೂರಿನ ನಮ್ಮ ಗುಡ್ಡವಿದೆ, ಗುಡ್ಡಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲಿವೆ, ಮೆಟ್ಟಿಲಿಗೊಬ್ಬರಂತೆ ನೆರೆಯವರಿದ್ದಾರೆ.

ನಿಬಾಲ್ದೊ ಸೈಕಲ್ ಮೇಸ್ತ್ರಿ. ಅಂಗಡಿಯ ಹಲಗೆಯ ಮೇಲೆ ದೊಡ್ಡದಾಗಿ ಅವನ ಹೆಸರು, ಕೆಳಗೆ ಎರಡು ಸಾಲು: 'ನಾನು ಕೂರಿಸಿದ್ದನ್ನು ಯಾರೂ ಎಬ್ಬಿಸಲಾರರು. ನಾನು ಎಬ್ಬಿಸಲಾರದ್ದು ಯಾವುದೂ ಇಲ್ಲ.' ಬರೆದವನು ಪಕ್ಕದ ಅಂಗಡಿಯ ಅಲೀರೊ, ಬಣ್ಣದವನು. ಬೇರಿಂಗ್ ಕೂರಿಸುವ ಮುಂಚೆ ಅದರ ಬೆನ್ನಿಗೆ ಮೊಳೆಯಿಂದ ಪುಟ್ಟ ನಕ್ಷತ್ರ ಗೀರುವುದು ನಿಬಾಲ್ದೊನ ಚಟ. "ಯಾರಿಗೂ ಕಾಣಲ್ವಲ್ಲೋ" ಅಂದರೆ, "ಒಳಗಿರೋ ಸಹಿಗೇ ಕಣೋ ಬೆಲೆ" ಅನ್ನುತ್ತಿದ್ದ.

ಮೆಟ್ಟಿಲಿಳಿಯುವ ಸೈಕಲ್ ಪಂದ್ಯಕ್ಕೆ ಒಂದು ದಿನ ಉಳಿದಿತ್ತು. ಕಳೆದ ಸಲ ಎರಡನೆಯವಳಾಗಿ ಬಂದು ಗುಡ್ಡದ ಮರ್ಯಾದೆ ಉಳಿಸಿದ ಯಾಸ್ನಾ ಬೆಳಿಗ್ಗೆಯೇ ಒಂದು ಹಳದಿ ಫ್ರೇಮ್ ಹೊತ್ತು ತಂದಳು.

"ಹಿಂದಿನ ಚಕ್ರ ಹಿಡಿಯೋ ತೋಳು ಕಿರುಗುಟ್ಟತ್ತೆ ಮೇಸ್ತ್ರಿ. ಕೀಲಿನ ಬೇರಿಂಗ್ ಬದಲಾಯಿಸ್ಕೊಡಿ."

"ಒಂದು ಚಹಾ ಕುಡಿದು ಬಾ, ಕೈಗೆ ಕೊಡ್ತೀನಿ. ಈ ಬಣ್ಣ ಬಳಿದವನ್ಯಾರು? ಫ್ರೇಮಿಗೆ ಕಾಮಾಲೆ ಬಂದ ಹಾಗಿದೆ."

ಬಾಗಿಲಲ್ಲಿ ನಿಂತಿದ್ದ ಅಲೀರೊ ಸುಮ್ಮನೆ ಕೆಮ್ಮಿದ.

ನಾಣ್ಯದಗಲದ ಬೇರಿಂಗು. ನಿಬಾಲ್ದೊ ಬೇರಿಂಗ್ ಕೀಳುವ ಪುಲ್ಲರ್ ಹಾಕಿ ಎಳೆದ. ಪುಲ್ಲರ್‌ನ ಹಲ್ಲು ಮುರಿಯಿತು. ಎಣ್ಣೆ ಹನಿಸಿ ಕಾದ, ಬಡಿದ, ಮತ್ತೆ ಎಳೆದ. ಬೇರಿಂಗು ಅತ್ತೆ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿ ಕೂತೇ ಇತ್ತು.

"ಯಾವ ಕತ್ತೆಯ ಮೊಮ್ಮಗ ಕೂರಿಸಿದ್ದೋ ಇದನ್ನ!"

ಅಲೀರೊ ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಬೈಗುಳದ ಲೆಕ್ಕಕ್ಕೆ ಗೋಡೆಗೆ ಒಂದು ಗೀಟು ಹಾಕಿದ. "ಸಂಜೆ ಚಹಾದೊಳಗೆ ಬರದಿದ್ರೆ ಎರಡನೇ ಸಾಲಿನ ಗತಿ ಏನಪ್ಪಾ?"

"ಅಳಿಸಿಬಿಡು. ನನ್ನ ಹಲಗೆ ಮೇಲೆ ಸುಳ್ಳಿನ ಸಾಲು ಒಂದೂ ಇರಕೂಡ್ದು." ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಕೆಳಗಿನ ಬಂದರು ಮುಟ್ಟಿತು. ಅಲೀರೊ ಏಣಿ ತಂದು ಗೋಡೆಗೆ ಆನಿಸಿಯೇಬಿಟ್ಟ.

ಮಧ್ಯಾಹ್ನ ನಿಬಾಲ್ದೊ ಉದ್ದದ ಬೋಲ್ಟ್ ಹುಡುಕಲು ಒಳಗೆ ಹೋಗಿ ಬರುವಷ್ಟರಲ್ಲಿ, ಎದುರುಮನೆಯಲ್ಲಿ ಚೀಸು ತುಂಬಿದ ಎಂಪನಾಡ ಕಡುಬು ಸುಟ್ಟು ಮಾರುವ ಒವಿದಿಯಾ ಫ್ರೇಮಿನ ಕೀಲಿಗೆ ಎರಡು ಹೆಪ್ಪುಗಟ್ಟಿದ ಮೀನು ಕಟ್ಟಿ ಕೂತಿದ್ದಳು.

"ಅಕ್ಕ, ಏನಿದು?"

"ತಣ್ಣಗಾದ್ರೆ ಕುಗ್ಗತ್ತಂತೆ, ಕುಗ್ಗಿದ್ರೆ ಉದುರತ್ತೆ."

"ಬೇರಿಂಗ್‌ಗಿಂತ ಅಲ್ಯೂಮಿನಿಯಂ ಫ್ರೇಮೇ ಜಾಸ್ತಿ ಕುಗ್ಗತ್ತೆ ಅಕ್ಕ! ಇನ್ನೂ ಬಿಗಿಯಾಗಿ ತಬ್ಕೊಳತ್ತೆ. ಇದಕ್ಕೆ ಬೇಕಾದ್ದು ಬಿಸಿ."

"ಹಂಗಂತ ಮೊದ್ಲೇ ಹೇಳ್ಬಾರ್ದಾ? ನನ್ನ ಒಲೆ ಉರೀತಾನೇ ಇದೆ."

ಫ್ರೇಮ್ ಒವಿದಿಯಾಳ ಒಲೆಗೆ ಹೋಯಿತು. ಮೂತಿ ಹೊರಗೆ, ಕೀಲು ಒಳಗೆ, ಮೇಲೊಂದು ಸಾಲು ಎಂಪನಾಡ. ಅರ್ಧ ಗಂಟೆಗೆ ಹೊರಬಂದಾಗ ಫ್ರೇಮಿನ ಮೇಲೆ ಕರಗಿದ ಚೀಸು ಹಳದಿ ಬಣ್ಣಕ್ಕಿಂತ ಚೆನ್ನಾಗಿ ಕೂತಿತ್ತು. ಮೀನಿನ ವಾಸನೆಗೆ ಗುಡ್ಡದ ಬೆಕ್ಕುಗಳೆಲ್ಲ ನೆರೆದವು, ಬೆಕ್ಕಿನ ಹಿಂದೆ ಜನ.

ನಿಬಾಲ್ದೊ ಬೋಲ್ಟ್ ತೂರಿಸಿ, ಆಚೆ ಬದಿಗೆ ದಪ್ಪ ಕಬ್ಬಿಣದ ಬಳೆ ಕೊಟ್ಟು, ಸ್ಪ್ಯಾನರ್ ತಿರುಗಿಸತೊಡಗಿದ. ಕಾಲು ಸುತ್ತಿಗೊಂದು ಬೈಗುಳ. "ಅಂಟು ಬೇರೆ ಮೆತ್ತಿದ್ದಾನೆ, ಹಾಳಾದವ್ನು! ಇವನ ಕೈಗೆ ಸ್ಪ್ಯಾನರ್ ಕೊಟ್ಟವರನ್ನ ಜೈಲಿಗೆ ಹಾಕ್ಬೇಕು!" ಗೋಡೆಯ ಮೇಲೆ ಗೀಟುಗಳು ಹನ್ನೊಂದಾದವು.

ಒವಿದಿಯಾಳ ಚಹಾದ ಕೆಟಲ್ ಸೀಟಿ ಹೊಡೆಯುವುದಕ್ಕೂ 'ಟಪ್' ಅನ್ನುವುದಕ್ಕೂ ಸರಿಹೋಯಿತು. ಬೇರಿಂಗು ಅವನ ಅಂಗೈಯ ಚಿಂದಿಗೆ ಬಿತ್ತು. ಮುನ್ನೂರ ಹನ್ನೆರಡು ಮೆಟ್ಟಿಲೂ ಚಪ್ಪಾಳೆ ತಟ್ಟಿದವು. ನಿಬಾಲ್ದೊ ಎದೆ ಸೆಟೆಸಿ, ಬಿಸಿ ಬೇರಿಂಗನ್ನು ಚಿಂದಿಯಲ್ಲಿ ಹಿಡಿದೆತ್ತಿದ. "ಏಣಿ ಎತ್ಕೊಂಡು ಹೋಗೋ ಅಲೀರೊ. ಎರಡನೇ ಸಾಲು ನಿಜ."

"ನಿಜಾನೇ ಕಣೋ. ಅದರ ಬೆನ್ನು ಸ್ವಲ್ಪ ಒರೆಸು."

ನಿಬಾಲ್ದೊ ಒರೆಸಿದ. ಮಸಿ ಹೋಯಿತು. ಪುಟ್ಟದೊಂದು ನಕ್ಷತ್ರ ಕಂಡಿತು.

ಗುಂಪಿನಲ್ಲಿದ್ದ ಯಾಸ್ನಾ ಮೆಲ್ಲಗೆ ಅಂದಳು, "ಎರಡು ವರ್ಷದ ಹಿಂದೆ ನೀವೇ ಕೂರಿಸಿದ್ದು ಮೇಸ್ತ್ರಿ. ಆಗ ನೀಲಿ ಇತ್ತು. ಕಾಮಾಲೆ ಬಳಿದದ್ದು ಅಲೀರೊ ಮಾವ."

ಅಲೀರೊ ಏಣಿಯ ಮೊದಲ ಮೆಟ್ಟಿಲು ಹತ್ತಿ, ಗಂಟಲು ಸರಿಮಾಡಿಕೊಂಡು, ಥೇಟ್ ನಿಬಾಲ್ದೊನ ಗೊಗ್ಗರು ದನಿಯಲ್ಲಿ ಗೋಡೆ ಓದಿದ: "ಯಾವ ಕತ್ತೆಯ ಮೊಮ್ಮಗ... ಇವನ ಕೈಗೆ ಸ್ಪ್ಯಾನರ್ ಕೊಟ್ಟವರನ್ನ..." ಹನ್ನೊಂದನ್ನೂ ಮುಗಿಸಿ ತನ್ನ ದನಿಗೆ ಮರಳಿದ. "ನೀನು ಕೂರಿಸಿದ್ದು ಎದ್ದುಬಂತು. ಮೊದಲನೇ ಸಾಲು ಏನ್ಮಾಡ್ಲಿ?"

ನಿಬಾಲ್ದೊ ನಕ್ಷತ್ರವನ್ನು ನೋಡಿದ, ಹಲಗೆಯನ್ನು ನೋಡಿದ, ಮುರಿದ ಪುಲ್ಲರನ್ನು ನೋಡಿದ.

"ಎಂಥಾ ಕೆಲಸ ಮಾಡಿದ್ದೆ ನೋಡ್ರೋ," ಅಂದ. "ನನಗೇ ಒಂದು ದಿನ ಹಿಡೀತು." ಹಾಗಂದವನೇ ಹೊಸ ಬೇರಿಂಗಿಗೆ ನಕ್ಷತ್ರ ಗೀರಿ ಕೂರಿಸಿದ. ಅಂಟು ಮಾತ್ರ ಈ ಸಲ ಅರ್ಧ ಹನಿ. ಆಮೇಲೆ ತಾನೇ ಹೋಗಿ ಏಣಿ ಹಿಡಿದ. "ಅಳಿಸು. ಸುಳ್ಳಿನ ಸಾಲು ಇರಕೂಡ್ದು ಅಂದೋನು ನಾನೇ ಅಲ್ವಾ?"

ಅಲೀರೊ ಬಿಳಿ ಬಣ್ಣ ಬಳಿಯುತ್ತ, "ಕತ್ತೆಯ ಮೊಮ್ಮಗ" ಎಂದು ಇನ್ನೊಂದು ಸಲ ಆ ದನಿ ತೆಗೆದ. ನಿಬಾಲ್ದೊಗೆ ನಗು ಉಕ್ಕಿತು. ಅವನೊಂದಿಗೆ ಏಣಿಯೂ ಕುಲುಕಿತು, ಏಣಿಯೊಂದಿಗೆ ಬಣ್ಣದ ಡಬ್ಬಿಯೂ. ಎರಡನೇ ಸಾಲಿನ ಮೇಲೆ ಅಷ್ಟೂ ಬಣ್ಣ ದಬದಬ ಸುರಿಯಿತು.

ಹಲಗೆಯ ಮೇಲೆ ಉಳಿದದ್ದು ಬರೀ ಹೆಸರು. "ಸಾಕು ಬಿಡೋ," ಎನ್ನುತ್ತ ಮೆಟ್ಟಿಲ ಮೇಲೆ ಕುಸಿದು ನಿಬಾಲ್ದೊ ಎಷ್ಟು ಜೋರಾಗಿ ನಕ್ಕನೆಂದರೆ, ಬೆಕ್ಕುಗಳು ಮೀನು ಬಿಟ್ಟು ಓಡಿದವು.