ಉತ್ತರಕ್ಕೆ ಮಾರಿ ಮಾಡಿದ ಸೋಲಾರ್

ನಾನು ಕೌಜಲಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಸೌರಶಕ್ತಿಯ ಪಾಠವನ್ನು ಪುಸ್ತಕ ತೆರೆಯದೆ ಹೇಳಬಲ್ಲೆ. ಹೀಗಾಗಿ ಮಗಳು ಸುಧಾ ಚೊಚ್ಚಲ ಬಾಣಂತನಕ್ಕೆ ಮನೆಯಲ್ಲಿದ್ದಾಗ, ಅವಳಿಗೆ ಹೊಗೆಯಿಲ್ಲದ ಬಿಸಿನೀರು ಒದಗಿಸುವ ಘನಕಾರ್ಯವನ್ನು ಸ್ವತಃ ಕೈಗೆತ್ತಿಕೊಂಡೆ. ಮೊದಲ ಹೆಜ್ಜೆಯಾಗಿ ಬಚ್ಚಲದ ಒಲೆಯನ್ನು ಹಾರೆಯಿಂದ ಕಿತ್ತು ಹಾಕಿದೆ.

"ಮೊದಲ ಸೋಲಾರ್ ನೀರು ಕಾಯಲಿ, ಆಮ್ಯಾಲೆ ಒಲಿ ಒಡೀಬೇಕಿತ್ರಿ," ಎಂದಳು ಹೆಂಡತಿ ಗಂಗವ್ವ.

"ವಿಜ್ಞಾನದ ಮ್ಯಾಲೆ ನಂಬಿಕಿ ಇರಬೇಕು!" ಎಂದೆ.

ಗೋಕಾಕದಿಂದ ಸೋಲಾರ್ ಕೂಡಿಸುವ ಮಿಸ್ತ್ರಿ ಬಂದ. ಮಾಳಿಗೆಯ ಮೇಲೆ ನಿಂತು, "ಸರ, ಇದರ ಮಾರಿ ದಕ್ಷಿಣಕ್ಕ ಇರಬೇಕ್ರಿ," ಎಂದ.

ನನಗೆ ಅಳುಕು ಹತ್ತಿತು. ದಕ್ಷಿಣ ಯಮನ ದಿಕ್ಕು. ಕೆಳಗೆ ಹಸಿ ಬಾಣಂತಿ. ಮೂಢನಂಬಿಕೆ ಬಿಡ್ರೆಂದು ಮಕ್ಕಳಿಗೆ ಹೇಳುವ ಬಾಯಿ ಇದೇ! ಖರೆ ಹೇಳಲು ನಾಚಿಕೆಯಾಗಿ, ಗಂಟಲು ಸರಿಮಾಡಿಕೊಂಡು, "ಭೂಮಿಯ ವಾಲಿಕೆ ಲೆಕ್ಕಕ್ಕ ತಗೊಂಡ್ರ ಉತ್ತರಾನ ಯೋಗ್ಯ," ಎಂದೆ.

ಮಿಸ್ತ್ರಿ ತಲೆ ಕೆರೆದುಕೊಂಡ. "ನೀವು ಕಲಿತವ್ರು. ಒಳಗ ಕರೆಂಟಿನ ಕಾಯಿಲ್ ಆದ್ರೂ ಹಾಕ್ಲೇನ್ರಿ?"

"ಸೂರ್ಯ ಇರುವಾಗ ಕರೆಂಟ್ ಯಾಕಪಾ?"

ಮರುದಿನ ಬೆಳಿಗ್ಗೆ ಗಡಗಡ ನಡುಗಿಸುವ ಥಂಡಿ. ನಳ ತಿರುವಿದೆ. ನೀರು ಬಂತು. ಕುಡಿಯಲು ಬಹಳ ಚೆನ್ನಾಗಿತ್ತು!

"ನಾಳಿಗಿ ಕಾಯತೈತಿ" ಎನ್ನುತ್ತ ಎಂಟು ದಿನ ಕಳೆದೆ. ಗಂಗವ್ವ ಗ್ಯಾಸಿನ ಮೇಲೆ ಪಾತೇಲಿಗಳಲ್ಲಿ ನೀರು ಕಾಯಿಸಿದಳು. ಎರಡನೆಯದು ಕಾಯುವುದರೊಳಗೆ ಮೊದಲನೆಯದು ಆರುತ್ತಿತ್ತು. ಕೂಸಿಗೆ ನೆಗಡಿಯಾಯಿತು.

ಮಿಸ್ತ್ರಿಯನ್ನು ಮತ್ತೆ ಕರೆಯಲು ಮರ್ಯಾದೆ ಅಡ್ಡ ಬಂತು. ಒಂಬತ್ತನೆಯ ದಿನ ನಾನೇ ಮಾಳಿಗೆ ಹತ್ತಿ, ಯಮನಿಗೆ ಕೈಮುಗಿದು, ಹಾರೆ ಹಾಕಿ ಸೋಲಾರನ್ನು ದಕ್ಷಿಣಕ್ಕೆ ಮೀಟಿದೆ. ಠಪ್, ಠಪ್, ಠಪ್! ಗಾಜಿನ ಕೊಳವೆಗಳು ಒಂದರ ಹಿಂದೊಂದು ಒಡೆದವು. ಟ್ಯಾಂಕಿನ ನೀರೆಲ್ಲ ಅಂಗಳಕ್ಕೆ ಸುರಿದು, ಬಿಸಿಲಿಗೆ ಹಾಕಿದ್ದ ಕೂಸಿನ ಕೌದಿಗಳು ತೊಯ್ದವು.

"ಕೆಳಗ ಬರ್ರಿ," ಎಂದಳು ಗಂಗವ್ವ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಯಮಕನಮರಡಿಯಿಂದ ಬೀಗರು ಕಾರು ತಂದರು. ಬೀಗತಿ ಕೂಸಿನ ಮೂಗು ಒರೆಸಿ, "ತಾಯಿ-ಕೂಸಿಗಿ ನಮ್ಮನ್ಯಾಗ ನೀರು ಎರಕೋತೀವಿ ಬಿಡ್ರಿ," ಎಂದರು. ತಿಂಗಳು ತುಂಬದ ಬಾಣಂತಿ ತವರು ಬಿಟ್ಟು ಗಂಡನ ಮನೆಗೆ ಹೊರಟಳು. ಓಣಿಯ ಜನ ಕಟ್ಟೆ ಮೇಲೆ ಕೂತು ನೋಡಿದರು. ಕಾರಣ ಎಲ್ಲರಿಗೂ ಗೊತ್ತಿತ್ತು.

ಮುಂದಿನ ರವಿವಾರ ಮೊಮ್ಮಗನನ್ನು ನೋಡಲು ಹೋದೆ. ಬೀಗರು ಬಾಗಿಲಲ್ಲೇ, "ಧೂಳಾಗ ಬಂದೀರಿ, ಜಳಕಾ ಮಾಡ್ರಿ ಸರ. ನಮ್ಮದೂ ಸೋಲಾರ್ ಐತಿ. ನಳ ಸಾವಕಾಶ ತಿರುವ್ರಿ, ಸುಡತೈತಿ," ಎಂದರು.

ಸುಧಾ ಟವೆಲ್ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

ಬಚ್ಚಲದ ಬಾಗಿಲು ಹಾಕಿಕೊಂಡು, ಸತ್ತರೂ ಇವರ ಬಿಸಿನೀರು ಮುಟ್ಟಬಾರದು, ತಣ್ಣೀರು ಹಾಕಿಕೊಂಡೇ ಮಾನ ಉಳಿಸಿಕೊಳ್ಳಬೇಕು ಎಂದು ಗಟ್ಟಿ ನಿರ್ಧಾರ ಮಾಡಿದೆ.

ಮೂರು ಬಕೆಟ್ ಬಿಸಿನೀರು ಸುರಿದುಕೊಂಡೆ!