ಅತ್ತೆಯ ಉಪ್ಸಾರೂ ಊರ ಕ್ಲೌಡೂ

ಚಲುವರಾಜು ಬಾಯಿ ಸುಮ್ಮನಿದ್ದಿದ್ದರೆ ಆ ಭಾನುವಾರ ನೆಮ್ಮದಿಯಾಗಿ ಕಳೆಯುತ್ತಿತ್ತು. ಹಿಂದಿನ ದಿನ ಗೆಳೆಯ ನಾಗರಾಜು ಎದುರು ಟವಲನ್ನೇ ಸೆರಗು ಮಾಡಿಕೊಂಡು, "ನಮ್ಮತ್ತೆ ಉಪ್ಸಾರು ಅಂದ್ರೆ ಎಮ್ಮೆ ತೊಳೆದ ನೀರು ಕಣ್ಲಾ" ಅಂತ ಅತ್ತೆ ಅಣ್ಣಮ್ಮನ ಹಾಗೇ ನಡೆದು ತೋರಿಸಿದ್ದ. ನಾಗರಾಜು ಅದನ್ನು ಫೋನಲ್ಲಿ ಹಿಡಿದಿದ್ದ. ಬೆಳಿಗ್ಗೆ ನೋಡಿದರೆ ಆ ವಿಡಿಯೊ ಫೋನಿಂದ ತಾನೇ ಊರ ಕ್ಲೌಡಿಗೆ ಹತ್ತಿ ಕೂತಿದೆ! ಅತ್ತೆ ಹನ್ನೆರಡರ ಬಸ್ಸಿಗೆ ಬರುವವರು. ಬಂದವರೇ ಟಿವಿ ಹಾಕಿ ಮೊಮ್ಮಗಳ ಫೋಟೊ ನೋಡುವುದು ಈ ಕ್ಲೌಡಲ್ಲೇ.

ಆ ಕ್ಲೌಡನ್ನು ಕಟ್ಟಿದವನೂ ಚಲುವರಾಜುವೇ. ಪಾಂಡವಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ನಮ್ಮ ಫೋಟೊ, ಪಹಣಿ ಎಲ್ಲಾ ದೂರದ ಯಾವುದೋ ಕಂಪನಿ ಕೈಲಿ ಯಾಕಿರಬೇಕು ಅಂತ ಊರಿನ ಐದು ಮನೆಗೆ ಅವನ್ನೆಲ್ಲ ಕೂಡಿಡುವ ಒಂದೊಂದು ಪುಟ್ಟ ಪೆಟ್ಟಿಗೆ ಕೂರಿಸಿ, ಅರಳಿಕಟ್ಟೆಯಲ್ಲಿ ಭಾಷಣವನ್ನೂ ಬಿಗಿದಿದ್ದ: "ಇದಕ್ಕೆ ಯಜಮಾನ ಅಂತ ಒಬ್ಬನಿಲ್ಲ. ಏನೇ ಆಕಿದ್ರೂ ಮೂರು ಪೆಟ್ಟಿಗೇಲಿ ಇರ್ತದೆ. ಒಂದು ಕಡೆ ಅಳಿಸೋದ್ರೆ ಇನ್ನೊಂದು ಕಡೆ ತಾನೇ ಉಟ್ಕತದೆ. ಊರೇ ಮುಳುಗೋದ್ರೂ ಒಂದು ನಕಲು ಉಳೀಬೇಕು, ಅಂಗೆ ಮಾಡಿವ್ನಿ!"

ಈಗ ಅದೇ ಕುತ್ತಿಗೆಗೆ ಬಂತು. ತನ್ನ ಮನೆಯಲ್ಲಿ ಅಳಿಸಿದ, ಪಕ್ಕದ ಪಾರ್ವತಮ್ಮನ ಮನೆಯಲ್ಲಿ ಹುಟ್ಟಿತು. ಅಲ್ಲಿ ಅಳಿಸಿದ, ಹೊನ್ನಪ್ಪನ ಮನೆಯಲ್ಲಿ ಹುಟ್ಟಿತು. ಪಾಪ, ಚಪ್ಪಲಿ ಕಿತ್ತುಹೋದರೂ ಓಡಾಟ ನಿಲ್ಲಲಿಲ್ಲ.

"ಐದೂ ಮನೇಲಿ ಒಂದೇ ಸಲ ಅಳಿಸ್ಬೇಕು ಕಣ್ಲಾ," ಅಂದ ನಾಗರಾಜು. ಅದಕ್ಕೆ ಐದೂ ಮನೆಯವರು ಒಪ್ಪಬೇಕಲ್ಲ! ಚಲುವರಾಜು ಎಲ್ಲರನ್ನೂ ತನ್ನ ಮನೆಗೆ ಕರೆಸಿದ.

"ಏನು ಅಂತ ನೋಡ್ದೆ ಎಂಗ್ಲಾ ಅಳಿಸಾಕಾಯ್ತದೆ? ಆಕ್ಲಾ ಮೊದ್ಲು," ಅಂದರು ಹೊನ್ನಪ್ಪ. ಹಾಕಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ಪಾರ್ವತಮ್ಮ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಆಕಪ್ಪಾ, ನಡಿಗೆ ಥೇಟ್ ಅಣ್ಣಮ್ಮಂದೇ!" ಅಂದರು. ಮೂರು ಸಲ ನೋಡಿದ ಮೇಲೇ ಒಪ್ಪಿಗೆ ಸಿಕ್ಕಿದ್ದು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಐದೂ ಮನೆಯಲ್ಲಿ ಒಟ್ಟಿಗೆ ಒತ್ತಿದರು. ಚಲುವರಾಜುಗೆ ಹೋದ ಜೀವ ಬಂದಂಗಾಯ್ತು.

ಅಣ್ಣಮ್ಮ ದೊಡ್ಡ ಸ್ಟೀಲ್ ಕ್ಯಾರಿಯರ್ ಹಿಡಿದು ಬಂದರು.

"ಅಳಿಯಂದ್ರೇ, ಓದ ತಿಂಗಳು ಕಿರಂಗೂರಲ್ಲಿ ನಮ್ಮನೇಲೂ ಒಂದು ಪೆಟ್ಟಿಗೆ ಮಡಗಿ ಬಂದಿದ್ರಲ್ಲ, ನಿಮ್ಮೂರು ಮುಳುಗೋದ್ರೂ ಒಂದು ನಕಲು ಉಳೀಲಿ ಅಂತ? ಬಾಳ ಚೆನ್ನಾಗಿ ಕೆಲಸ ಮಾಡ್ತದೆ. ಬೆಳಿಗ್ಗೆ ನೋಡ್ದೆ."

ಆ ಆರನೇ ಪೆಟ್ಟಿಗೆ ಚಲುವರಾಜುಗೆ ಮರೆತೇಹೋಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಪಾರ್ವತಮ್ಮ ಕೂಗಿದರು: "ಚಲುವಾ, ಅಳಿಸಿದ್ದು ತಿರ್ಗಾ ಬಂದ್ಬುಡ್ತು ಕಣಪ್ಪೋ!"

ಅಣ್ಣಮ್ಮ ನಿಧಾನವಾಗಿ ಕ್ಯಾರಿಯರ್ ಬಿಚ್ಚಿ, ಮುದ್ದೆ ಪಕ್ಕದಲ್ಲಿ ಬಟ್ಟಲು ತುಂಬ ಉಪ್ಸಾರು ಬಿಟ್ಟರು.

"ಎಂಟು ದಿನ ಇರ್ತೀನಿ, ಮೂರೊತ್ತೂ ನಾನೇ ಬಡಿಸ್ತೀನಿ. ಕೂತ್ಕಳಿ ಅಳಿಯಂದ್ರೇ, ಎಮ್ಮೆ ತೊಳೆದ ನೀರು ಆರೋಯ್ತದೆ."