ಕರಿ ಮಾರ್ಕರಿನ ಅಳುಮಾರಿಗಳು

ನಾನು ಕರಿ ಮಾರ್ಕರ್ ಪೆನ್ನಿನ ಟೊಪ್ಪಿ ತೆಗದ್ರ ಸಾಕು, ಯಾರಿಗರೆ ನನ್ನ ಮ್ಯಾಲೆ ಸಂಶಯ ಬಂದೇ ಬರ್ತದ. ಕಲಬುರಗಿಯಿಂದ ವರ್ಗಾ ಆಗಿ ಮಹಾರಾಷ್ಟ್ರಕ್ಕ ಬಂದ ಬ್ಯಾಂಕಿನವ ನಾನು. ಮಂದಿ ಸಂಜಿಕ ವಾಕಿಂಗ್ ಹೋಗ್ತಾರ, ನಾನು ಹಾಳಿ ಮ್ಯಾಲೆ ಮಾರಿ, ಅಂದ್ರ ಮುಖದ ಚಿತ್ರ, ಬಿಡಿಸ್ತೀನಿ. ಅರ್ಧ ಮಾರಿ ಕತ್ತಲಾ, ಅರ್ಧ ಬೆಳಕು, ಕಣ್ಣಾಗ ದುಃಖ. ನಗೋ ಮಾರಿ ನನ್ನ ಕೈಲೆ ಬರಂಗೇ ಇಲ್ಲ. ಅದಕ್ಕೇ ಇಷ್ಟೆಲ್ಲಾ ಫಜೀತಿ.

ಹೆಂಡ್ತಿ ಕೇಳಿದ್ದು

ನಾಸಿಕ್‌ದಾಗ ಇದ್ದಾಗಿನ ಮಾತು. ಒಂದು ರವಿವಾರ ಸುಮ್ನ ಕುಂತು ಹೆಣ್ಮಗಳ ಮಾರಿ ಬಿಡಿಸಿದೆ. ಚಹಾ ತಂದ ಹೆಂಡ್ತಿ ಹಿಂದೇ ನಿಂತಳು.

"ಯಾರ್ರೀ ಈಕಿ?"

"ಯಾರೂ ಅಲ್ಲ. ಮನಸ್ಸಿಗೆ ಬಂತು, ಬಿಡಿಸಿದೆ."

"ಯಾರೂ ಅಲ್ಲಂದ್ರ ಇಷ್ಟ್ಯಾಕ ಅಳ್ಲಿಕತ್ತಾಳ? ಏನ್ ಮಾಡೀರಿ ಆಕಿಗೆ?"

ಮಾರ್ಕರ್ ಅಳಿಸ್ಲಿಕ್ಕೆ ಬರಂಗಿಲ್ಲ. ಸಂಸಾರ ಉಳೀಬೇಕಲ್ಲ! ಆ ಹೆಣ್ಮಗಳಿಗೆ ದಪ್ಪನ್ನ ಮೀಸಿ ಬಿಡಿಸಿದೆ. ಹೆಂಡ್ತಿ ದಿಟ್ಟಿಸಿ ನೋಡಿ ಚಹಾ ಕೈಗೆ ಕೊಟ್ಟಳು.

"ಈಗ ನಿಮ್ಮಣ್ಣನಂಗ ಕಾಣ್ತದ. ಅಳಲಿ ಬಿಡ್ರಿ."

ಗ್ವಾಡಿ ಮ್ಯಾಲಿನ ಮಂದಿ

ಆಮ್ಯಾಲೆ ಸಂಭಾಜಿನಗರಕ್ಕ ವರ್ಗಾ ಆಯ್ತು. ಮನಿ ಮಾಲಕರು ನಮ್ಮ ಬೀದರ ಕಡೆಯವರೇ, ಅರಿವಿ-ಬಟ್ಟಿ ವ್ಯಾಪಾರ. ಆದ್ರ ಭಾಳ ಸಂಶಯದ ಮನಷ್ಯಾ. ನಾವು ನಲ್ಲಿ ತಿರುವಿದ್ರೂ ಹಣಿಕಿ ಹಾಕ್ತಿದ್ರು. ಒಂದಿನ ಒಳಗ ಬಂದು, ಗ್ವಾಡಿಗೆ ಹಚ್ಚಿದ ಮಾರಿಗಳು ನೋಡಿ ಗಾಬರಿಯಾದ್ರು.

"ಅರೆ ದೇವಾ! ನಿಮ್ಮ ಮನ್ಯಾಗ ಇಷ್ಟು ಮಂದಿ ತೀರ್ಯಾರ?"

"ಯಾರೂ ತೀರಿಲ್ರಿ. ನಾನೇ ಬಿಡಿಸೀನಿ."

"ಜೀವಂತ ಇದ್ದವರನ್ನ ಹಿಂಗ ಯಾರು ಬಿಡಿಸ್ತಾರ್ರಿ? ದಿವಾಳಿ ಹಬ್ಬಕ್ಕ ಬಾಡಿಗಿ ಕರಾರು ಮುಗೀತದ. ಮುಂದಿಂದು ವಿಚಾರ ಮಾಡ್ತೀನಿ."

ಮಗಳದು ಹತ್ತನೇ ಕ್ಲಾಸು, ಮಾರ್ಚದಾಗ ಬೋರ್ಡ್ ಪರೀಕ್ಷಾ. ನಡುವ ಮನಿ ಬಿಟ್ರ ಆಕಿ ಅಭ್ಯಾಸ ಮಣ್ಣುಪಾಲು. ಕೈ ಮುಗಿದು ಹೇಳಿದೆ, ಕಿವಿಗೇ ಹಾಕ್ಕೊಳ್ಳಲಿಲ್ಲ. ಹೆಂಡ್ತಿ ಒಂದು ಉಪಾಯ ಹೇಳಿದಳು: "ಅವರದೇ ಮಾರಿ ಬಿಡಿಸಿ ಕೊಡ್ರಿ."

ಬಿಡಿಸಿ ಕೊಟ್ಟೆ. ಮಾಲಕರು ಹಾಳಿ ತಿರುವಿ ಹಿಂಬದಿ ನೋಡಿದ್ರು, ಮೂಸಿ ನೋಡಿದ್ರು.

"ಛಲೋ ಅದ. ಇದ್ರಾಗ ನಿಮ್ಮ ಫಾಯ್ದಾ ಏನು?"

ಪರದೆ ಹಿಂದ

ಆದ್ರೂ ಒಳಗೊಳಗ ಖುಷಿಯಾಗಿರಬೇಕು. ಫ್ರೇಮ್ ಹಾಕಿಸಿ ಹೊರಬಾಗಿಲ ಬಾಜೂಕ ತೂಗಹಾಕಿದ್ರು. ದಿವಾಳಿ ಮುಗೀತು, ಕರಾರಿನ ಮಾತು ಹಂಗೇ ಉಳೀತು, ಮಾಲಕಿಣಿ ತವರಿಗೆ ಹೋದ್ರು. ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ತೋರಣ ಒಂದು ಕಡೆ ಹರಿದು, ಸೀದಾ ಮಾಲಕರ ಚಿತ್ರದ ಮ್ಯಾಲೆ ಜೋತುಬಿತ್ತು. ಸಂಜಿಕ ಬಂದ ಹಾಲಿನವ ನೋಡಿ, ಸತ್ತವರ ಚಿತ್ರಕ್ಕ ಹಾಕೂ ಹಾರ ಅಂದ್ಕೊಂಡ. ಮಾಲಕರು ತೀರ್ಯಾರಂತ ಓಣಿಗೆಲ್ಲಾ ಸುದ್ದಿ ಆಯ್ತು.

ನಾ ಬ್ಯಾಂಕಿನಿಂದ ಬರೂದ್ರಾಗ ಅಂಗಳ ತುಂಬ ಮಂದಿ. ಗಾಡಿ ನಿಲ್ಲಿಸೂ ಜಾಗಕ್ಕ ದಿನಾ ಜಗಳಾಡ್ತಿದ್ದ ಬಾಜೂ ಮನಿಯವನೂ "ದೇವರಂಥಾ ಮನಷ್ಯಾ ಹೊ!" ಅಂತ ಬಿಕ್ಕಿಬಿಕ್ಕಿ ಅಳ್ಲಿಕತ್ತಿದ್ದ.

"ಏ, ಮುಂಜಾನೆ ನನಗ ಬೈದು ಕಳಿಸ್ಯಾರ, ಅವರಿಗೇನಾಗ್ತದ?" ಅಂದೆ.

ಅಷ್ಟ್ರಾಗ ಬಾಗಿಲು ತೆರೀತು. ಮಾಲಕರು! ಇಷ್ಟೊತ್ತೂ ಕಿಟಕಿ ಪರದೆ ಹಿಂದ ನಿಂತು ಯಾರ್ಯಾರು ಅಳ್ತಾರಂತ ನೋಡ್ಲಿಕತ್ತಿದ್ರಂತ. ಬಾಜೂ ಮನಿಯವ ಚಪ್ಪಲಿ ಬಿಟ್ಟು ಓಡಿದ. ಮಾಲಕರು ನನ್ನ ಕಡೆ ಬೆರಳು ಮಾಡಿದ್ರು.

"ಆ ಜಗಳಗಂಟನೂ ಅತ್ತ. ನೀವೊಬ್ರೇ ಅಳ್ಲಿಲ್ಲ. ಯಾಕ್ರಿ?"

"ನೀವು ಇದ್ದೀರಂತ ನನಗ ಗೊತ್ತಿತ್ರಿ!"

"ಅದೆಲ್ಲಾ ನೆಪ. ನಾಳೇನೇ ಮನಿ ಖಾಲಿ ಮಾಡ್ರಿ."

ಮಗಳ ಮಾರಿ ಕಣ್ಮುಂದ ಬಂತು. ಎಷ್ಟು ತಡಕೊಂಡ್ರೂ ಕಣ್ಣಾಗಿಂದ ದಳದಳ ನೀರು ಇಳೀತು. ಮಾಲಕರು ಹತ್ರ ಬಂದು, ಖರೇ ನೀರೋ ಸುಳ್ಳು ನೀರೋ ಅಂತ ಬಗ್ಗಿ ನೋಡಿದ್ರು.

"ಹಾಂ, ತಡಾ ಆದ್ರೂ ಅತ್ರಿ. ಇರ್ರಿ, ಪರೀಕ್ಷಾ ಮುಗಿಯೂತನಕ."